ಕುಂಬಳಕಾಯಿ ಸೂಪಿನ ಲೆಕ್ಕ

ಎರಿಕ್ ಬರೋನ್ ಒಬ್ಬನೇ ಕೂತು ಕಟ್ಟಿ 2016ರಲ್ಲಿ ಹೊರತಂದ ‘ಸ್ಟಾರ್ಡ್ಯೂ ವ್ಯಾಲಿ’ ಬೇಸಾಯದ ವಿಡಿಯೊ ಗೇಮ್. ಅದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅಡುಗೆ. ಆಟ ಶುರುವಾದಾಗ ಮನೆಯಲ್ಲಿ ಒಲೆಯೇ ಇರುವುದಿಲ್ಲ. ಬಡಗಿ ರಾಬಿನ್‌ಗೆ 10,000 ನಾಣ್ಯ, 450 ತುಂಡು ಮರ ಕೊಟ್ಟು ಮನೆ ದೊಡ್ಡದು ಮಾಡಿಸಿಕೊಂಡರಷ್ಟೇ ಅಡುಗೆಮನೆ. ಆಗ ಗೊತ್ತಿರುವುದು ಮೊಟ್ಟೆ ಹುರಿಯುವುದಷ್ಟೇ ಆಗಿರಬಹುದು. ಮಿಕ್ಕದ್ದನ್ನು ಕಲಿಯಬೇಕು: ಭಾನುವಾರದ ಟಿವಿ ಕಾರ್ಯಕ್ರಮ ನೋಡಿ, ಇಲ್ಲವೇ ಊರಿನವರ ಸ್ನೇಹ ಗಳಿಸಿ. ಸಲುಗೆ ಬೆಳೆದಂತೆ ಅವರೇ ಅಂಚೆಯಲ್ಲಿ ಪಾಕವಿಧಾನ ಕಳಿಸುತ್ತಾರೆ. ಗುಡಾರದಲ್ಲಿ ಬದುಕುವ ಲೈನಸ್ ಹಸಿ ಮೀನಿನ ಸಶಿಮಿ ಕಲಿಸುತ್ತಾನೆ. ಅದಕ್ಕೆ ಒಂದು ಮೀನಿದ್ದರೆ ಸಾಕು.

ಕುಂಬಳಕಾಯಿ ಸೂಪು ನೋಡಿ. ಹದಿಮೂರು ದಿನ ನೀರು ಹಾಕಿ ಬೆಳೆದ ಕಾಯಿ, ಜೊತೆಗೆ ಹಾಲು. ಕಾಯಿಯನ್ನು ಹಾಗೇ ಮಾರಿದರೆ 320, ಸೂಪು ಮಾಡಿ ಮಾರಿದರೆ 300! ವ್ಯಾಪಾರಕ್ಕೆ ನಷ್ಟ. ಆದರೆ ಕುಡಿದು ಗಣಿಗೆ ಇಳಿದರೆ ಅದೃಷ್ಟವೂ ರಕ್ಷಣೆಯೂ ಹೆಚ್ಚುತ್ತವೆ. ಇದನ್ನು ಕಲಿಸುವವಳೂ ರಾಬಿನ್ನೇ. ಸದಾ ಕೋಣೆ ಸೇರಿಕೊಂಡಿರುವ ಅವಳ ಮಗ ಸೆಬಾಸ್ಟಿಯನ್‌ಗೆ ಈ ಸೂಪೆಂದರೆ ಪ್ರಾಣ. ಎಂಥ ಸೊಗಸಾದ ಹೆಣಿಗೆ! ತಾಯಿಯ ಕೈರುಚಿಯನ್ನು ಕಲಿತು ಮಗನ ಮನಸ್ಸು ಗೆಲ್ಲಬಹುದೆಂದು ಆಟ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.