ಆಪತ್ಕಾಲದ ಫ್ಲಾಪಿ: ಎಷ್ಟು ನಂಬಬಹುದಿತ್ತು?

ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಗಣಕವನ್ನು ಚಾಲೂ ಮಾಡಲೆಂದು ವಿಂಡೋಸ್ 98 (1998) ಸ್ಟಾರ್ಟಪ್ ಫ್ಲಾಪಿ ತಯಾರಿಸಿಕೊಡುತ್ತಿತ್ತು. ಸಿ.ಡಿ. ಡ್ರೈವ್‌ಗೆ ಬೇಕಾದ ತಂತ್ರಾಂಶವನ್ನೂ ಅದರಲ್ಲಿ ಸೇರಿಸಿದ್ದು ಮೆಚ್ಚತಕ್ಕ ಸಂಗತಿ. ವಿಂಡೋಸ್ 95ರ ಫ್ಲಾಪಿಯಲ್ಲಿ ಅದಿರಲಿಲ್ಲ. ಆದರೆ ತಯಾರಿ ಕೆಟ್ಟರೆ ಕಾರಣ ಹುಡುಕುವ ಕೆಲಸ ಬಳಕೆದಾರನ ಪಾಲಿಗೆ ಬರುತ್ತಿತ್ತು. ಫ್ಲಾಪಿಯ ಮೂಲೆಯ ಜಾರುಮುಚ್ಚಳ ತೆರೆದಿದ್ದರೆ ಅದರಲ್ಲಿ ಏನನ್ನೂ ಬರೆಯಲಾಗದು, ಮುಚ್ಚಿದರೆ ಸಾಕು. 'ಟ್ರ್ಯಾಕ್ 0' ಕೆಟ್ಟಿದ್ದರೆ ಮಾತ್ರ ಉಪಾಯವಿಲ್ಲ. ಗಣಕ ಮೊದಲು ಓದುವ ಬೂಟ್ ಸೆಕ್ಟರ್ ಇರುವುದೇ ಅಲ್ಲಿ. ಉಳಿದ 79 ಟ್ರ್ಯಾಕುಗಳು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ದೊಡ್ಡ ಕೊರತೆ ಬೇರೆಯೇ ಇತ್ತು. ಸಿದ್ಧವಾದ ಫ್ಲಾಪಿಯಿಂದ ಗಣಕ ನಿಜಕ್ಕೂ ಚಾಲೂ ಆಗುವುದೇ ಎಂದು ಪರೀಕ್ಷಿಸುವ ಹಂತವೇ ಅದರಲ್ಲಿರಲಿಲ್ಲ. ಡ್ರೈವ್‌ನ ಹೆಡ್ ಸ್ವಲ್ಪ ಸರಿದಿದ್ದರೆ, ಅದು ಬರೆದದ್ದನ್ನು ಇನ್ನೊಂದು ಡ್ರೈವ್ ಓದದೇ ಹೋಗಬಹುದು. ಇಂದು ನೀವು ತಯಾರಿಸುವ ಪೆನ್‌ಡ್ರೈವ್‌ನಿಂದಲೂ ಒಮ್ಮೆ ಗಣಕವನ್ನು ಚಾಲೂ ಮಾಡಿ ನೋಡಿ, ಆಮೇಲೆ ಎತ್ತಿಡಿ.