ಪಿಯಾನೋ ಕಪ್ಪಿಗೆ ಸಂದ ಅತಿಹೊಗಳಿಕೆ

ಕಾರಿನ ಒಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಿ ಮನೆಯಲ್ಲೇ ಬಣ್ಣ ಹೊಡೆಯುವ ಕೆಲಸಕ್ಕೆ ಈಗ ದೊಡ್ಡ ಹೆಸರಿದೆ. ಒಂದೆರಡು ಸ್ಪ್ರೇ ಕ್ಯಾನು, ಒಂದು ಭಾನುವಾರ, ಇಷ್ಟಿದ್ದರೆ ಮಾಸಿದ ಬೀಜ್ ಒಳಾಂಗಣ ಪಿಯಾನೋ ಕಪ್ಪಾಗಿ ಮಿರುಗುತ್ತದೆ ಎಂಬ ಮಾತನ್ನು ಕಾರುಪ್ರಿಯರು ಯಾರೂ ಪ್ರಶ್ನಿಸುವುದಿಲ್ಲ. ಈ ಕೀರ್ತಿಯಲ್ಲಿ ಮುಕ್ಕಾಲು ಪಾಲು ಸಲ್ಲದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಗಳಿಕೆಯೆಲ್ಲ ಈ ಕಸುಬಿನ ಅತಿ ದುರ್ಬಲ ಭಾಗಕ್ಕೆ, ಅಂದರೆ ಹೊಳಪಿಗೆ ಹೋಗಿದೆ. ಅಂಟಂಟಾದ, ಗೀರುಬಿದ್ದ, ಬಿಳಿಚಿಕೊಂಡ ತುಂಡುಗಳನ್ನು ಮತ್ತೆ ಕೈಯಿಡುವ ಸ್ಥಿತಿಗೆ ತರುವ ಕೆಲಸವನ್ನು ಇದೇ ಕಸುಬು ಚೆನ್ನಾಗಿ ಮಾಡಬಲ್ಲದು. ಆದರೆ ಅದರ ಬಗ್ಗೆ ಮಾತಾಡುವವರೇ ಇಲ್ಲ.

ನಮ್ಮ ಧೂಳಿನಲ್ಲಿ ಬೀಜ್ ಒಳಾಂಗಣ ಏನಾಗುತ್ತದೆ, ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳಲ್ಲಿ ಏನೇನು ಸಿಗುತ್ತದೆ, ಕ್ಲಿಪ್ ಮುರಿಯದೆ ಟ್ರಿಮ್ ಎಬ್ಬಿಸುವುದು ಹೇಗೆ ಎಂಬುದನ್ನು ಇದನ್ನು ಓದುವವರಿಗೆ ಹೇಳಿಕೊಡಬೇಕಿಲ್ಲ. ನೇರವಾಗಿ ವಸ್ತುವಿಗೇ ಬರೋಣ.

ಕಾರ್ಖಾನೆಯಿಂದ ಬರುವ ಒಳಾಂಗಣದ ಬಹುಪಾಲು ತುಂಡುಗಳಿಗೆ ಯಾರೂ ಬಣ್ಣ ಬಳಿದಿರುವುದಿಲ್ಲ. ಬಣ್ಣದ ಪುಡಿ ಪ್ಲಾಸ್ಟಿಕ್ ಕಾಳಿನಲ್ಲೇ ಬೆರೆತು, ಅದರ ಜೊತೆಗೇ ಕರಗಿ ಅಚ್ಚಿಗೆ ಇಳಿದಿರುತ್ತದೆ. ಹಾಗಾಗಿ ಉಗುರಿನಿಂದ ಗೀರಿದರೆ ಒಳಗೂ ಅದೇ ಬಣ್ಣ. ಮನೆಯಲ್ಲಿ ನಾವು ಮಾಡುವುದು ಇದಕ್ಕೆ ತೀರ ಬೇರೆಯಾದ ಕೆಲಸ. ಪ್ಲಾಸ್ಟಿಕ್ಕಿನ ಮೇಲೆ ಹತ್ತಾರು ಮೈಕ್ರಾನ್ ದಪ್ಪದ ಒಂದು ಪೊರೆ ಹೊದಿಸುತ್ತೇವೆ. ಆ ಪೊರೆ ಬಿಟ್ಟುಬಂದ ದಿನ ಅಡಿಯ ಬೀಜ್ ಹಲ್ಲು ಕಿರಿಯುತ್ತದೆ. ಆದ್ದರಿಂದ ಈ ಕಸುಬಿಗೆ ಕೇಳಬೇಕಾದ ಮೊದಲ ಪ್ರಶ್ನೆ ಪೊರೆ ಎಷ್ಟು ಚೆಂದ ಕಾಣುತ್ತದೆ ಎಂಬುದಲ್ಲ, ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿದಿಲ್ಲ ಎಂಬುದು.

ಇದಕ್ಕೆ ಒಂದೇ ಒಂದು ತುಂಡನ್ನು ಎತ್ತಿಕೊಳ್ಳುತ್ತೇನೆ: ಡ್ರೈವರ್ ಬಾಗಿಲಿನಲ್ಲಿ ಪವರ್ ವಿಂಡೋ ಸ್ವಿಚ್‌ಗಳನ್ನು ಸುತ್ತುವರಿದ ಪಟ್ಟಿ. ಎಲ್ಲರೂ ಮೊದಲು ಬಣ್ಣ ಹೊಡೆಯುವುದು ಇದಕ್ಕೇ. ಬಿಚ್ಚುವುದು ಸುಲಭ, ಕಣ್ಣಿಗೆ ಬೀಳುವುದೂ ಬೇಗ. ಈ ಪಟ್ಟಿಯನ್ನು ಮಗುಚಿ ಹಾಕಿದರೆ ಬೆನ್ನಿನಲ್ಲಿ, ಎರಡು ಬಾಣದ ಮೊನೆಗಳ ನಡುವೆ ಪ್ಲಾಸ್ಟಿಕ್ಕಿನ ಜಾತಿ ಹೇಳುವ ಸಣ್ಣ ಅಕ್ಷರಗಳು ಕಾಣುತ್ತವೆ. ಎಬಿಎಸ್ ಎಂದಿರಬಹುದು, ಪಿಸಿ+ಎಬಿಎಸ್ ಎಂದಿರಬಹುದು, ಪಿಪಿ ಎಂದಿರಬಹುದು. ಒಂದೇ ಬಾಗಿಲಿನ ಅಕ್ಕಪಕ್ಕದ ತುಂಡುಗಳಲ್ಲೂ ಬೇರೆಬೇರೆ ಅಕ್ಷರಗಳಿರುತ್ತವೆ. ಮುಂದಿನ ಕತೆಯನ್ನೆಲ್ಲ ನಿರ್ಧರಿಸುವ ಈ ಅಕ್ಷರಗಳನ್ನು ಓದದೆಯೇ ಕ್ಯಾನು ಅಲ್ಲಾಡಿಸುವವರು ಹೆಚ್ಚು.

ಎಬಿಎಸ್ ಆದರೆ ಬಣ್ಣದಲ್ಲಿರುವ ದ್ರಾವಕ ಅದರ ಮೇಲ್ಪದರವನ್ನು ತುಸು ಮೆತ್ತಗಾಗಿಸಿ ಒಳಕ್ಕೆ ಕಚ್ಚಿಕೊಳ್ಳುತ್ತದೆ. ದ್ರಾವಕ ಹೆಚ್ಚಾದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಹಿತಮಿತವಾಗಿದ್ದರೆ ಭದ್ರವಾದ ಹಿಡಿತ ಸಿಗುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಹಾಗೆ ಬಗ್ಗುವ ಜಾತಿಯಲ್ಲ. ಕಾರಿನ ಬ್ಯಾಟರಿಯ ಆಸಿಡ್ ಡಬ್ಬಿಯನ್ನು ಇದರಿಂದಲೇ ಮಾಡುತ್ತಾರೆ. ಇದರ ಅಣುಸರಪಳಿಯಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ, ಬಣ್ಣ ಕೈಚಾಚಿ ಹಿಡಿಯಲು ಏನೂ ಇಲ್ಲ. ಅಂಕಿಯಲ್ಲಿ ಹೇಳುವುದಾದರೆ ಎಬಿಎಸ್‌ನ ಮೇಲ್ಮೈ ಶಕ್ತಿ ಮೀಟರಿಗೆ 40 ಮಿಲಿನ್ಯೂಟನ್ ಆಸುಪಾಸು, ಪಾಲಿಪ್ರೊಪಿಲೀನಿನದು 30ರ ಆಸುಪಾಸು. ಹತ್ತರ ವ್ಯತ್ಯಾಸ ಸಣ್ಣದಾಗಿ ಕಂಡರೂ ಬಣ್ಣ ಹರಡಿ ಕೂರುವುದೂ ಮುದುಡಿ ಹನಿಯಾಗುವುದೂ ಅದರಲ್ಲೇ ತೀರ್ಮಾನವಾಗುತ್ತದೆ. ಬಂಪರ್ ಕೂಡ ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನದೇ. ಅದಕ್ಕೆ ಬಣ್ಣ ಹಿಡಿಸಲು ಕಾರ್ಖಾನೆಯವರು ಮೇಲ್ಮೈಯನ್ನು ಬೆಂಕಿಯ ನಾಲಗೆಗೆ ಒಂದು ಕ್ಷಣ ಒಡ್ಡುತ್ತಾರೆ, ಇಲ್ಲವೇ ವಿಶೇಷ ಪ್ರೈಮರ್ ಬಳಿಯುತ್ತಾರೆ.

ಮನೆಯಲ್ಲಿ ಆ ಪಾತ್ರ ವಹಿಸಬೇಕಾದ್ದು ಅಡ್ಹೀಷನ್ ಪ್ರೊಮೋಟರ್. ಬಣ್ಣವಿಲ್ಲದ ಈ ತೆಳು ದ್ರವದ ಜೀವಾಳ ಕ್ಲೋರಿನ್ ಸೇರಿಸಿದ ಪಾಲಿಓಲಿಫಿನ್. ಅದರ ಒಂದು ಗುಣ ಪ್ಲಾಸ್ಟಿಕ್ಕಿನ ಸರಪಳಿಯೊಡನೆ ಹೆಣೆದುಕೊಳ್ಳುತ್ತದೆ, ಇನ್ನೊಂದು ಗುಣ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಕಷ್ಟವಿರುವುದು ಸಮಯದಲ್ಲಿ. ಕ್ಯಾನಿನ ಮೇಲೆ ಹೇಳಿದ ಕೆಲವೇ ನಿಮಿಷಗಳೊಳಗೆ, ಅದಿನ್ನೂ ಪೂರ್ತಿ ಆರಿ ಸತ್ತಿಲ್ಲದಾಗ, ಮೊದಲ ಕೋಟ್ ಬೀಳಬೇಕು. ದಪ್ಪಗೆ ಹೊಡೆದರೆ ಅದೇ ಒಂದು ಜಾರುವ ಪದರವಾಗುತ್ತದೆ. ಹೀಗೆ ಇಡೀ ಕೆಲಸದ ಭವಿಷ್ಯ ನಿಂತಿರುವುದು ಕಣ್ಣಿಗೆ ಕಾಣದ ಒಂದು ಪದರದ ಮೇಲೆ, ಒಂದು ಸಣ್ಣ ಅವಧಿಯ ಮೇಲೆ. ಹೊಗಳುವವರು ಈ ಪದರಕ್ಕೆ ಒಂದು ವಾಕ್ಯವನ್ನೂ ಕೊಡುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಆ ಸ್ವಿಚ್ ಪಟ್ಟಿಯ ಅಂಚಿನ ಸಮಸ್ಯೆ ಉಳಿಯುತ್ತದೆ. ಹಸಿ ಬಣ್ಣ ಆರುವಾಗ ತನ್ನ ಮೇಲ್ಮೈ ಎಳೆತದಿಂದಲೇ ಚೂಪು ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ನಡುವೆ ದಪ್ಪ, ಅಂಚಿನಲ್ಲಿ ತೀರ ತೆಳು. ಉಗುರು, ಉಂಗುರ, ಬಳೆ, ಕೀ ಗೊಂಚಲು ತಾಗುವುದು ಅದೇ ಅಂಚಿಗೆ. ಬೆವರು, ಸನ್‌ಸ್ಕ್ರೀನ್, ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಎಲ್ಲವೂ ಸೇರುವುದು ಅಲ್ಲಿಗೇ. ಅಂಚಿನಲ್ಲಿ ಒಂದು ಸಣ್ಣ ಹೊಪ್ಪಳೆ ಎದ್ದರೆ ಸಾಕು, ಬೆರಳು ತಾನಾಗಿಯೇ ಅದನ್ನು ಕೆದಕುತ್ತದೆ, ಸಿಪ್ಪೆ ಒಳಮುಖವಾಗಿ ಏಳುತ್ತಾ ಹೋಗುತ್ತದೆ. ಎಲ್ಲರೂ ಮೊದಲು ಬಣ್ಣ ಹೊಡೆಯುವ ಪಟ್ಟಿಯೇ ಮನೆ ಬಣ್ಣಕ್ಕೆ ಎಲ್ಲಕ್ಕಿಂತ ಒಗ್ಗದ ಪಟ್ಟಿ.

ಇಲ್ಲಿ ಎಮರಿ ಪೇಪರ್ ಪಂಥದವರೊಡನೆ ನನ್ನ ಜಗಳ ಶುರುವಾಗುತ್ತದೆ. ‘ಚೆನ್ನಾಗಿ ಉಜ್ಜಿ, ಯಾವ ಬಣ್ಣವಾದರೂ ನಿಲ್ಲುತ್ತದೆ’ ಎನ್ನುವುದು ಇವರ ಒಂದೇ ಸೂತ್ರ. ಇದು ತಗಡಿನ ಟಿಂಕರಿಂಗ್ ಕೆಲಸದಿಂದ ಬಂದ ಮಾತು, ತಗಡಿಗೆ ಸರಿಯಾದ ಮಾತು. ಎಬಿಎಸ್‌ಗೆ 600 ನಂಬರಿನ ಪೇಪರ್ ಹದವಾಗಿ ಆಡಿಸಿದರೆ ಅರ್ಧ ಸರಿ. ಪಾಲಿಪ್ರೊಪಿಲೀನಿಗೆ ಬಂದರೆ ಪೂರ್ತಿ ತಪ್ಪು. ಆ ಮೆದು ಪ್ಲಾಸ್ಟಿಕ್ ಉಜ್ಜಿದಷ್ಟೂ ಕತ್ತರಿಸಿಕೊಳ್ಳದೆ ಎಳೆಎಳೆಯಾಗಿ ಏಳುತ್ತದೆ, ಬಣ್ಣ ಆ ಎಳೆಗಳ ಮೇಲೆ ಕೂತು ಅವುಗಳ ಜೊತೆಗೇ ಕಿತ್ತುಬರುತ್ತದೆ. ಇನ್ನೊಂದು ನಷ್ಟವೂ ಇದೆ. ಟ್ರಿಮ್ ಮೇಲಿನ ಚರ್ಮದಂಥ ನವಿರು ಗೆರೆಗಳು ಉಕ್ಕಿನ ಅಚ್ಚಿನಲ್ಲಿ ಕೊರೆದು ಮೂಡಿಸಿದವು. ಒಮ್ಮೆ ಉಜ್ಜಿ ಅಳಿಸಿದರೆ ಯಾವ ಕ್ಯಾನೂ ಅವನ್ನು ಮರಳಿ ತರಲಾರದು.

ಇವರ ಅತಿ ದೊಡ್ಡ ಅಪರಾಧ ಉಜ್ಜುವುದನ್ನು ತೊಳೆಯುವುದಕ್ಕಿಂತ ಮುಂದಿಟ್ಟಿರುವುದು. ವರ್ಷಗಟ್ಟಲೆ ಡ್ಯಾಶ್‌ಬೋರ್ಡ್ ಪಾಲಿಶ್ ಕಂಡ ತುಂಡಿನ ಮೇಲೆ ಸಿಲಿಕೋನ್ ಪದರವಿರುತ್ತದೆ. ಮೊದಲು ಉಜ್ಜಿದರೆ ಆ ಸಿಲಿಕೋನ್ ಗೀರುಗಳೊಳಗೆ ಹೋಗಿ ಕೂರುತ್ತದೆ. ಆಮೇಲೆ ಬಣ್ಣ ಅಲ್ಲಲ್ಲಿ ಗುಂಡಗೆ ಹಿಂಜರಿದು ಗುಳಿ ಬೀಳುತ್ತದೆ. ಪೇಂಟ್ ಶಾಪಿನವರು ಇದನ್ನೇ ಫಿಶ್ ಐ ಎನ್ನುವುದು. ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಪ್ರತಿ ಸಲ ಒರೆಸಲು ಹೊಸ ಬಟ್ಟೆ, ಇಷ್ಟಾದ ಮೇಲೆ ಬೇಕೆನಿಸಿದರೆ ಪೇಪರ್. ಈ ಕ್ರಮವನ್ನು ತಿರುಗಿಸಿ ಹೇಳಿಕೊಡುವವರು ಕಲಿಯಲು ಬಂದವರ ಕೆಲಸವನ್ನೇ ಕೆಡಿಸುತ್ತಾರೆ.

ಪಂಥದವರ ಸಾಕ್ಷಿ ಏನು? ಬಣ್ಣ ಹೊಡೆದ ದಿನದ ಫೋಟೊ. ಅದನ್ನು ನಾನು ಸಾಕ್ಷಿ ಎಂದು ಒಪ್ಪುವುದಿಲ್ಲ. ಬಣ್ಣದ ಉದ್ಯಮದಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಪರೀಕ್ಷೆಯಿದೆ. ಬ್ಲೇಡಿನಿಂದ ಒಂದು ಮಿಲಿಮೀಟರ್ ಅಂತರದಲ್ಲಿ ಉದ್ದಕ್ಕೆ 11, ಅಡ್ಡಕ್ಕೆ 11 ಗೀಟು ಎಳೆದರೆ ನೂರು ಪುಟ್ಟ ಚೌಕಗಳಾಗುತ್ತವೆ. ಅವುಗಳ ಮೇಲೆ ಟೇಪ್ ಒತ್ತಿ ಕೀಳಬೇಕು. ಒಂದೂ ಎದ್ದು ಬರದಿದ್ದರೆ 5ಬಿ ದರ್ಜೆ, ಶೇಕಡಾ 65ಕ್ಕಿಂತ ಹೆಚ್ಚು ಹೋದರೆ 0ಬಿ. ಅಡಗಿರುವ ಹಿಂಬದಿಗೂ ಅದೇ ಕ್ರಮದಲ್ಲಿ ಬಣ್ಣ ಹೊಡೆದು ಅಲ್ಲಿ ಇದನ್ನು ಮಾಡಬಹುದು. ಖರ್ಚು ಒಂದು ಬ್ಲೇಡು, ಒಂದು ಟೇಪು. ಉಜ್ಜಿದ ಪಿಪಿಗೂ ಪ್ರೊಮೋಟರ್ ಕಂಡ ಪಿಪಿಗೂ ಇರುವ ದೂರ ಆಗ ತಾನಾಗಿ ತಿಳಿಯುತ್ತದೆ.

ಎದುರು ಪಕ್ಕದಲ್ಲಿ ಶುದ್ಧವಾದಿಗಳಿದ್ದಾರೆ. ಕಾರ್ಖಾನೆ ಕೊಟ್ಟದ್ದನ್ನು ಮುಟ್ಟಲೇಬಾರದು ಎಂಬುದು ಅವರ ವಾದ. ಏರ್‌ಬ್ಯಾಗ್ ವಿಷಯದಲ್ಲಿ ಅವರ ಮಾತು ಪೂರ್ತಿ ಸರಿ. ಡ್ರೈವರ್ ಏರ್‌ಬ್ಯಾಗ್ ನಮ್ಮಲ್ಲಿ 2019ರ ಜುಲೈನಿಂದ ಕಡ್ಡಾಯ. ಸ್ಟಿಯರಿಂಗ್ ನಡುವಿನ ಮುಚ್ಚಳ, ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡ್, ಕರ್ಟನ್ ಏರ್‌ಬ್ಯಾಗ್ ಇರುವ ಕಂಬದ ಹೊದಿಕೆ, ಇವೆಲ್ಲ ಒಳಗೆ ಮಾಡಿಟ್ಟ ತೆಳು ಗೆರೆಯಲ್ಲೇ ಸೀಳುವಂತೆ ಅಥವಾ ಲೆಕ್ಕಹಾಕಿದಂತೆಯೇ ಬಿಚ್ಚಿಕೊಳ್ಳುವಂತೆ ರೂಪಿಸಿದವು. ಇವಕ್ಕೆ ಬಣ್ಣ ಬೇಡ, ಚರ್ಚೆಯೂ ಬೇಡ. ಉಳಿದೆಡೆ ಶುದ್ಧವಾದಿಗಳ ಮಾತು ನಿಲ್ಲುವುದಿಲ್ಲ, ಏಕೆಂದರೆ ಕಾರ್ಖಾನೆ ಕೊಟ್ಟದ್ದೇ ಕೆಡುತ್ತದೆ.

ಕೆಡುವುದರಲ್ಲಿ ಮೊದಲನೆಯದು ಸಾಫ್ಟ್ ಟಚ್ ಲೇಪನ. ರಬ್ಬರಿನಂತೆ ಮೆತ್ತಗಿರಲೆಂದು ಹಚ್ಚುವ ಈ ಪಾಲಿಯುರಿಥೇನ್ ಪದರವನ್ನು ಬಿಸಿ ಮತ್ತು ತೇವ ಸೇರಿ ನಿಧಾನಕ್ಕೆ ಒಡೆಯುತ್ತವೆ. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯ ಹವೆ ಅದಕ್ಕೆ ಹೇಳಿಮಾಡಿಸಿದ್ದು. ಬಾಗಿಲ ಹಿಡಿ ಕೈಗಂಟುತ್ತದೆ, ಧೂಳೆಲ್ಲ ಅದಕ್ಕೆ ಮೆತ್ತುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತಾಳ್ಮೆಯಿಂದ ಒರೆಸಿದರೆ ಆ ಲೇಪನ ಕಪ್ಪು ಅಂಟಾಗಿ ಕಳಚಿಬರುತ್ತದೆ. ಅಡಿಯ ಪ್ಲಾಸ್ಟಿಕ್ ಎಬಿಎಸ್ ಜಾತಿಯದಾದರೆ ಮ್ಯಾಟ್ ಬಣ್ಣದ ಮೂರು ತೆಳು ಕೋಟ್ ಸಾಕು. ಅಂಚು ಸವೆದರೂ ಅಡಿಯಲ್ಲಿರುವುದು ಸಾಮಾನ್ಯವಾಗಿ ಕಪ್ಪೇ, ಆದ್ದರಿಂದ ಕಣ್ಣಿಗೆ ಹೊಡೆಯುವುದಿಲ್ಲ. ಇಡೀ ಬಾಗಿಲ ಪ್ಯಾನೆಲ್ ಕೊಳ್ಳಬೇಕಾದ ಕಡೆ ಒಂದು ಕ್ಯಾನಿನಲ್ಲಿ ಕೆಲಸ ಮುಗಿಯುತ್ತದೆ. ಮನೆ ಬಣ್ಣಕ್ಕೆ ಗೌರವ ಕೊಡುವುದಾದರೆ ಇಲ್ಲಿ ಕೊಡಬೇಕು.

ಪಿಯಾನೋ ಕಪ್ಪು ಇದರ ಹತ್ತಿರವೂ ಬರುವುದಿಲ್ಲ. ಧೂಳು, ಬೆರಳಚ್ಚು, ಒಣಬಟ್ಟೆಯ ಸುರುಳಿ ಗೀರು ಎಲ್ಲವನ್ನೂ ಅದು ಎತ್ತಿ ತೋರಿಸುತ್ತದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಡೆದರೆ ಅದರ ಪ್ರತಿಬಿಂಬ ಮುಂಗಾಜಿನಲ್ಲಿ ಬಿದ್ದು ರಸ್ತೆಯನ್ನೇ ಮಸುಕಾಗಿಸುತ್ತದೆ. ಮಳೆಗಾಲದಲ್ಲಿ ಹೊಡೆದರೆ ದ್ರಾವಕ ಆವಿಯಾಗುವಾಗ ತಣ್ಣಗಾದ ಮೇಲ್ಮೈಯಲ್ಲಿ ತೇವ ಕೂತು ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ಅದೇ ಹೊಳಪು ಗಟ್ಟಿಯಾಗಲೆಂದು ಹಾರ್ಡ್‌ನರ್ ಬೆರೆಸುವ ಕ್ಲಿಯರ್ ಕೋಟ್ ತರುತ್ತಾರೆ. ಅದರಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮಕ್ಕಳು ಓಡಾಡುವ ಮನೆಯ ಬಾಲ್ಕನಿಯಲ್ಲಿ ಅದನ್ನು ಸಿಂಪಡಿಸಲು ಸಲಹೆ ಕೊಡುವವರ ಬಗ್ಗೆ ನನಗೆ ಸಿಟ್ಟಿದೆ.

ಬೇಸಿಗೆಯ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪೂರ್ತಿ ಆರದ ಬಣ್ಣ ಅಲ್ಲಿ ವಾಸನೆ ಬಿಡುತ್ತದೆ, ಗಾಜಿಗೆ ಮಂಜಿನಂತೆ ಕೂರುತ್ತದೆ. ಬಣ್ಣ ಹೊಡೆದ ತುಂಡನ್ನು ಒಂದು ವಾರ ಗಾಳಿಯಾಡುವ ಕಡೆ ಇಟ್ಟು ಆಮೇಲೆ ಜೋಡಿಸಬೇಕೆಂಬುದು ಅದಕ್ಕೇ. ಒಂದೇ ಭಾನುವಾರದ ಕೆಲಸ ಎಂಬ ಕೀರ್ತಿ ಇಲ್ಲಿಗೆ ಕಳಚಿಬೀಳುತ್ತದೆ.

ಈ ಕಸುಬನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬೆನ್ನಿನ ಅಕ್ಷರ ಓದಿ, ಕೈ ಹೆಚ್ಚು ತಾಗದ ಎಬಿಎಸ್ ತುಂಡುಗಳಿಗೆ ಹೊಡೆಯಿರಿ. ಏಸಿ ಕಿಂಡಿಯ ಸುತ್ತಿನ ಚೌಕಟ್ಟು, ಸ್ಟೀರಿಯೊ ಸುತ್ತಿನ ಪಟ್ಟಿ ಇದಕ್ಕೆ ತಕ್ಕವು. ಮೂಲದ ಬಣ್ಣಕ್ಕೆ ಹತ್ತಿರದ ಮ್ಯಾಟ್ ಆರಿಸಿ. ಕೆಟ್ಟದ್ದನ್ನು ರಿಪೇರಿ ಮಾಡಿ, ಚೆನ್ನಾಗಿರುವುದರ ಬಣ್ಣ ಬದಲಿಸುವ ಹುಮ್ಮಸ್ಸು ಬಿಡಿ. ಕೆಲಸ ಗೆದ್ದಿತೆಂದು ಹೇಳಿಕೊಳ್ಳುವವರು ಒಂದು ಬೇಸಿಗೆ, ಒಂದು ಮಳೆಗಾಲ ದಾಟಿದ ಮೇಲೆ ಸ್ವಿಚ್ ಪಟ್ಟಿಯ ಅಂಚನ್ನು ಹತ್ತಿರದಿಂದ ತೋರಿಸಲಿ. ಅಲ್ಲಿ ಬಣ್ಣ ಉಳಿದಿದ್ದರೆ ಹೊಗಳುವವರಲ್ಲಿ ನಾನೂ ಒಬ್ಬ.