ಫಲಿತಾಂಶಕ್ಕೆ ಕಟ್ಟಿದ ಅನುದಾನ

1862ರಲ್ಲಿ ಇಂಗ್ಲೆಂಡಿನ ಶಿಕ್ಷಣಾಡಳಿತವು, ಬಡಮಕ್ಕಳ ಪ್ರಾಥಮಿಕ ಶಾಲೆಗಳಿಗೆ ಬೊಕ್ಕಸದಿಂದ ಸಲ್ಲತಕ್ಕ ಅನುದಾನವನ್ನು ಆ ಮಕ್ಕಳ ಪರೀಕ್ಷಾಫಲಕ್ಕೆ ಕಟ್ಟಿಹಾಕಿ ಜಾರಿಗೆ ತಂದ ಪರಿಷ್ಕೃತ ನಿಯಮಾವಳಿಯನ್ನು ಬರಿಯ ಜಿಪುಣತನದ ಸೃಷ್ಟಿಯೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ಮೇಲಿನ ತರಗತಿಯ ಬೆರಳೆಣಿಕೆಯ ಹುಡುಗರ ಮೇಲೆಯೇ ಉಪಾಧ್ಯಾಯರ ಗಮನವೆಲ್ಲ ನೆಟ್ಟಿರಲು, ಉಳಿದ ಬಹುಸಂಖ್ಯೆಯ ಮಕ್ಕಳು ಓದುಬರಹವೂ ನೆಟ್ಟಗೆ ಬಾರದೆ ಶಾಲೆ ಬಿಡುತ್ತಿದ್ದರೆಂಬುದನ್ನು 1861ರ ನ್ಯೂಕ್ಯಾಸಲ್ ಆಯೋಗದ ವರದಿ ಮುಂದಿಟ್ಟಿತ್ತು. ಜನರ ಹಣವನ್ನು ಪಡೆಯುವ ಶಾಲೆ ಅದರ ಲೆಕ್ಕವನ್ನು ಜನರಿಗೆ ಒಪ್ಪಿಸತಕ್ಕದ್ದೆಂಬ ಆಶಯವೂ ಸಾಧುವಾದುದೇ. ನಿಯಮಾವಳಿಯ ಕರ್ತೃವಾದ ರಾಬರ್ಟ್ ಲೋ, ಈ ಪದ್ಧತಿಯಿಂದ ಶಿಕ್ಷಣವು ದಕ್ಷವಾಗದಿದ್ದರೆ ಅಗ್ಗವಾದರೂ ಆಗುವುದೆಂದು ಪಾರ್ಲಿಮೆಂಟಿಗೆ ಭರವಸೆಯಿತ್ತಾಗಲೇ ಆ ಆಶಯದೊಳಗೆ ಬಿರುಕು ಕಾಣಿಸಿಕೊಂಡಿತು.

ವ್ಯವಸ್ಥೆಯ ಕ್ರಮ ಹೀಗಿತ್ತು: ಆರು ವರ್ಷ ಮೀರಿದ, ನಿಯತವಾದ ಹಾಜರಿಯುಳ್ಳ ಪ್ರತಿಯೊಂದು ಮಗುವಿನ ಹೆಸರಿನಲ್ಲಿ ಶಾಲೆ 8 ಶಿಲಿಂಗ್‌ಗಳನ್ನು ಗಳಿಸಬಹುದು, ಇನ್ಸ್‌ಪೆಕ್ಟರರ ಎದುರಿಗೆ ಆ ಮಗು ಓದಿನಲ್ಲಿ ಸೋತರೆ 2 ಶಿಲಿಂಗ್ 8 ಪೆನ್ಸ್, ಬರವಣಿಗೆಯಲ್ಲಿ ಸೋತರೆ ಮತ್ತೆ ಅಷ್ಟು, ಲೆಕ್ಕದಲ್ಲಿ ಸೋತರೆ ಇನ್ನೂ ಅಷ್ಟು ಕಡಿತ. ಮೂರರಲ್ಲಿಯೂ ಸೋತ ಮಗುವಿನ ಪಾಲಿಗೆ ಉಳಿಯುತ್ತಿದ್ದುದು ಸೊನ್ನೆ. ಆರು ಶ್ರೇಣಿಗಳ ಮೊದಲನೆಯದರಲ್ಲಿ ಏಕಾಕ್ಷರ ಶಬ್ದಗಳ ಸಣ್ಣ ಕಥೆ, ಕೊನೆಯದರಲ್ಲಿ ವೃತ್ತಪತ್ರಿಕೆಯ ಒಂದು ಕಂಡಿಕೆ. ಓದಿನ ಪರಿಧಿ ಇಷ್ಟೇ. ಚರಿತ್ರೆ, ಭೂಗೋಳಗಳಿಗೆ ಮೊದಮೊದಲು ಕಾಸೂ ಹುಟ್ಟುತ್ತಿರಲಿಲ್ಲವಾದುದರಿಂದ ಅವು ಅನೇಕ ಶಾಲೆಗಳಲ್ಲಿ ಹಿಂದೆ ಸರಿದುದು ಸಹಜವೇ.

1851ರಿಂದ ಶಾಲಾ ಇನ್ಸ್‌ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು ಈ ನಿಯಮಾವಳಿಯನ್ನು ಅದು ಜಾರಿಗೆ ಬರುವ ವೇಳೆಗೇ ಲೇಖನ ಬರೆದು ವಿರೋಧಿಸಿದರು. ಅವರನ್ನು ನೇಮಿಸಿದ್ದ ಇಲಾಖೆಯ ನೀತಿಯೇ ಅದಾಗಿತ್ತೆಂಬುದನ್ನು ನೆನೆದಾಗ ಆ ಧೈರ್ಯದ ಬೆಲೆ ತಿಳಿಯುತ್ತದೆ. ಮುಂದೆ ತಮ್ಮ ವಾರ್ಷಿಕ ವರದಿಗಳಲ್ಲಿ ಅವರು ತೋರಿಸಿಕೊಟ್ಟ ಸಂಗತಿ ಇಂದಿಗೂ ಮನಸ್ಸನ್ನು ಕಲಕುವಂಥದು: ವರ್ಷವಿಡೀ ಒಂದೇ ವಾಚನಪುಸ್ತಕವನ್ನು ತಿರುತಿರುಗಿ ಓದಿಸಲ್ಪಟ್ಟ ಮಗು ಅದನ್ನು ಕಂಠಸ್ಥ ಮಾಡಿಕೊಂಡು, ಪುಟ ತೆರೆದೊಡನೆ ತಡವರಿಸದೆ ಒಪ್ಪಿಸಿ ತೇರ್ಗಡೆಯಾಗುತ್ತಿತ್ತು; ಬೇರೊಂದು ಪುಸ್ತಕವನ್ನು ಕೈಗಿತ್ತರೆ ಮಾತ್ರ ಅದರ ನಾಲಗೆ ಕಟ್ಟುತ್ತಿತ್ತು. ಕೊಳಗದಲ್ಲಿ ಅಳೆದ ಮಾತ್ರಕ್ಕೆ ಅಕ್ಕಿಯ ಗುಣ ಬದಲಾಗದು. ಮಗುವಾದರೋ ಅಳತೆಯ ಅರಿವಿನಿಂದಲೇ ಬದಲಾಗುತ್ತದೆ, ಅದಕ್ಕೂ ಮೊದಲು ಅದರ ಗುರು ಬದಲಾಗುತ್ತಾನೆ. ಪರಿಷ್ಕೃತ ನಿಯಮಾವಳಿ ಗಣಿಸದೆ ಬಿಟ್ಟುದು ಇದನ್ನೇ. ಕಿರಿಯ ಮಕ್ಕಳ ಕಡೆಗೆ ಗುರುವಿನ ಮುಖವನ್ನು ಅದು ತಿರುಗಿಸಿತೆಂಬುದೇನೋ ನಿಜ. ಆದರೆ ತಿರುಗಿದ ಆ ಮುಖಕ್ಕೆ ಕಂಡುದು ಮಗುವಲ್ಲ, ಮಗುವಿನ ಮೇಲೆ ಬರತಕ್ಕ ಶಿಲಿಂಗು.

ಈ ವಿಚಾರ ನಮಗೆ ಪರದೇಶದ ಕಥೆಯೆನಿಸಬೇಕಾಗಿಲ್ಲ. ನಮ್ಮ ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಅಂದು ಸೇರಿದ್ದ ಮದರಾಸು ಪ್ರಾಂತದಲ್ಲಿಯೂ ಫಲಿತಾಂಶವನ್ನು ನೋಡಿ ಅನುದಾನ ಕೊಡುವ ಪದ್ಧತಿ ಬೇರೂರಿತು. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಅದನ್ನೇ ಅನುಮೋದಿಸಿತು. ಇಂಗ್ಲೆಂಡು ಅದನ್ನು ಹಂತಹಂತವಾಗಿ ಕೈಬಿಟ್ಟುದು 1890ರ ದಶಕದಲ್ಲಿ.

ನನ್ನ ಮುಖ್ಯ ಆಕ್ಷೇಪಣೆ ಪರೀಕ್ಷೆಯ ಮೇಲಲ್ಲ, ಹೊಣೆಗಾರಿಕೆಯನ್ನು ಏಕಮುಖವಾಗಿ ಹರಿಯಿಸಿದುದರ ಮೇಲೆ. ಮಗು ಸೋತರೆ ಶಾಲೆ ದಂಡ ತೆರಬೇಕು. ಆದರೆ ಹಸಿದು ಬರುವ, ದುಡಿಮೆಗಾಗಿ ನಡುವೆಯೇ ಶಾಲೆ ತಪ್ಪಿಸುವ ಮಕ್ಕಳಿರುವ ಬಡ ಕೇರಿಯ ಶಾಲೆಗೆ ಹೆಚ್ಚಿನ ನೆರವನ್ನು ಕೊಡಲಾರದ ಸರ್ಕಾರ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಹೀಗಾಗಿ ಹಣದ ಅಗತ್ಯ ಹೆಚ್ಚಿದ್ದಲ್ಲಿಯೇ ಹಣ ಕಡಿಮೆಯಾಯಿತು. ಪ್ರಾಥಮಿಕ ಶಾಲೆಗಳ ಮುಖ್ಯ ಇನ್ಸ್‌ಪೆಕ್ಟರರಾಗಿದ್ದು ನಿವೃತ್ತರಾದ ಎಡ್ಮಂಡ್ ಹೋಮ್ಸರು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎತ್ತಿದ ದೂರು ಇದಕ್ಕಿಂತಲೂ ಆಳವಾದುದು: ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಆ ಕಟ್ಟುಪಾಡಿನಲ್ಲಿ ಪಳಗಿದ ಉಪಾಧ್ಯಾಯರು, ನಿಯಮ ರದ್ದಾಗಿ ತಮಗೆ ಸ್ವಾತಂತ್ರ್ಯ ಒದಗಿದ ಮೇಲೂ, ಅದನ್ನು ಬಳಸುವ ಬಗೆ ತಿಳಿಯದೆ ಹಳೆಯ ಜಾಡಿನಲ್ಲಿಯೇ ನಡೆಯುತ್ತಿದ್ದರು.